ಬನ್ಸುವಿನ ಖಾಲಿ ಹೊಟ್ಟೆ

ನಾನು ಹೋಟೆಲಿನವನು. ಮುಂಬೈಯ ಚೆಂಬೂರಿನಲ್ಲಿ ನಲವತ್ತು ವರ್ಷದಿಂದ ಇಡ್ಲಿ, ವಡೆ, ದೋಸೆ ಮಾಡಿ ಬಡಿಸಿಕೊಂಡು ಬಂದವನು. ಬರೆದು ಅಭ್ಯಾಸವಿಲ್ಲ. ಬರೆದದ್ದೆಂದರೆ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ‘ಇಂದಿನ ವಿಶೇಷ’, ಅಷ್ಟೇ. ಆದರೂ ಕೂತಿದ್ದೇನೆ. ಯಾಕೆಂದರೆ ಪ್ರಾಣಿಗಳ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಾನು ಮೊಬೈಲಿನಲ್ಲಿ ಹುಡುಕಿದ್ದು ಒಂದೇ ವಿಷಯ, ನಮಗೆ ಆದ ಹಾಗೆ ಇನ್ನೊಬ್ಬರಿಗೆ ಆಗಿದೆಯಾ ಎಂದು. ಕನ್ನಡದಲ್ಲಿ ಏನೂ ಸಿಗಲಿಲ್ಲ. ಇಂಗ್ಲಿಷಿನಲ್ಲಿ ಸಿಕ್ಕಿದ್ದು ಅರ್ಧ ಅರ್ಥವಾಯಿತು, ಆ ಅರ್ಧವೇ ಹೆದರಿಸಲು ಸಾಕಾಯಿತು.

ಬನ್ಸು ನಮ್ಮ ನಾಯಿ. ಮಗಳು ದೀಕ್ಷಾ ಪವಾಯಿಯ ತನ್ನ ಆಫೀಸಿನ ಗೇಟಿನ ಹೊರಗೆ ಸಿಕ್ಕ ಮರಿಯನ್ನು ಏಳು ವರ್ಷದ ಹಿಂದೆ ಬ್ಯಾಗಿನಲ್ಲಿಟ್ಟುಕೊಂಡು ರಿಕ್ಷಾದಲ್ಲಿ ಮನೆಗೆ ತಂದಳು. ಮಂಗಳೂರು ಬನ್ಸಿನದೇ ಬಣ್ಣ, ಹಾಗೇ ಉಬ್ಬಿದ ಹೊಟ್ಟೆ. ಹೆಸರಿಟ್ಟದ್ದು ನನ್ನ ಹೆಂಡತಿ ಸುಮತಿ. “ಭಾಂಡುಪಿನ ಈ ಎರಡು ಕೋಣೆಯ ಮನೆಯಲ್ಲಿ ನಾಯಿ ಬೇಡ” ಎಂದು ನಾನು ಹೇಳಿದೆ. ಮನೆಯಲ್ಲಿ ನನ್ನ ಮಾತಿಗೆ ಎಷ್ಟು ಬೆಲೆ ಇದೆಯೋ ಅಷ್ಟೇ ಬೆಲೆ ಸಿಕ್ಕಿತು.

ಒಂದು ತಿಂಗಳೊಳಗೆ ಅವನು ನನ್ನ ಹಿಂದೆಯೇ ತಿರುಗತೊಡಗಿದ. ಕಾರಣ ದೊಡ್ಡದೇನಲ್ಲ, ಇಡ್ಲಿ. ಬೆಳಗ್ಗೆ ಹೋಟೆಲಿಗೆ ಹೊರಡುವ ಮುಂಚೆ ತುಪ್ಪ ಸವರಿದ ಒಂದು ಇಡ್ಲಿಯನ್ನು ನಾಲ್ಕು ತುಂಡು ಮಾಡಿ ಒಂದೊಂದಾಗಿ ಗಾಳಿಯಲ್ಲಿ ಎಸೆಯುತ್ತಿದ್ದೆ. ಅವನು ಹಾರಿ ಹಿಡಿಯುತ್ತಿದ್ದ. ಏಳು ವರ್ಷದಲ್ಲಿ ಒಂದು ತುಂಡು ನೆಲಕ್ಕೆ ಬಿದ್ದದ್ದಿಲ್ಲ. ನನಗೊಂದು ಹಟ ಇದೆ, ಮೊದಲೇ ಹೇಳಿಬಿಡುತ್ತೇನೆ. ನನ್ನ ಮನೆಯಿಂದಾಗಲಿ ಹೋಟೆಲಿನಿಂದಾಗಲಿ ಯಾರೂ ಹಸಿದು ಹೊರಡಬಾರದು. ಕರೆಂಟ್ ಮೀಟರ್ ನೋಡಲು ಬಂದವನಿಗೂ ಕೈಗೆ ಏನಾದರೂ ಕೊಟ್ಟೇ ಕಳಿಸುವವನು ನಾನು. ಕೆಲಸ ಕಲಿಸಿದ ಹಳೆಯ ಧಣಿಗಳು ಇದೊಂದನ್ನು ನನ್ನ ತಲೆಗೆ ಹೊಡೆದು ಕೂರಿಸಿದ್ದರು. ಈ ಹಟವೇ ಮುಂದೆ ನನ್ನ ಮಾನ ತೆಗೆಯಿತು, ಇನ್ನೇನು ಬನ್ಸುವಿನ ಜೀವವನ್ನೂ ತೆಗೆಯುವುದರಲ್ಲಿತ್ತು.

ಒಂದು ಸೋಮವಾರ ಬೆಳಗ್ಗೆ ಎಸೆದ ತುಂಡು ಅವನ ಮೂಗಿಗೆ ತಾಗಿ ಕೆಳಗೆ ಬಿತ್ತು. ಇನ್ನೊಂದು ಎಸೆದೆ. ಅದೂ ಬಿತ್ತು. ಬಗ್ಗಿ ನೋಡಿದರೆ ಅವನ ಕೆಳದವಡೆ ಜೋತುಬಿದ್ದಿತ್ತು. ಬಾಯಿ ತೆರೆದೇ ಇದೆ, ನಾಲಗೆ ಹೊರಗೆ, ಜೊಲ್ಲು ನೆಲಕ್ಕೆ ಸೋರುತ್ತಿದೆ. ಬಿದ್ದ ಇಡ್ಲಿಯನ್ನು ಮೂಸಿದ, ನಾಲಗೆಯಿಂದ ದೂಡಿದ, ಎತ್ತಲಾಗಲಿಲ್ಲ. ತಲೆಯೆತ್ತಿ ನನ್ನನ್ನು ನೋಡಿದ.

ಹಿಂದಿನ ದಿನ ಭಾನುವಾರ, ಮನೆಯಲ್ಲಿ ಬಂಗುಡೆ ಮೀನಿನ ಸಾರು. “ಮುಳ್ಳು ಸಿಕ್ಕಿದೆ ಗಂಟಲಲ್ಲಿ” ಎಂದೆ. ನಮ್ಮ ಕಡೆಯವರಿಗೆ ಮುಳ್ಳು ಸಿಕ್ಕರೆ ಮದ್ದು ಗೊತ್ತೇ ಇದೆ, ಸಪ್ಪೆ ಅನ್ನದ ಉಂಡೆಯನ್ನು ಅಗಿಯದೆ ನುಂಗುವುದು. ನಾನು ಉಂಡೆ ಕಟ್ಟಿದೆ. ದೀಕ್ಷಾ ಅವನ ತಲೆ ಹಿಡಿದಳು, ಸುಮತಿ ಟಾರ್ಚ್ ಬಿಟ್ಟಳು, ನಾನು ಬರಿಗೈಯನ್ನು ಮಣಿಗಂಟಿನವರೆಗೆ ಬಾಯೊಳಗೆ ಹಾಕಿ ಉಂಡೆಯನ್ನು ಗಂಟಲಿಗೆ ತಳ್ಳಿದೆ. ಹೀಗೆ ಎರಡು ದಿನ, ಹೊತ್ತುಹೊತ್ತಿಗೆ. ಜೊಲ್ಲನ್ನು ಮೂವರೂ ಕೈಯಲ್ಲೇ ಒರೆಸಿದೆವು. ದವಡೆ ಮಾತ್ರ ಹಾಗೆಯೇ ಇತ್ತು.

ಮೂರನೆಯ ದಿನ ಸುಮತಿ ನನ್ನ ಮೇಲೆ ಹರಿಹಾಯ್ದಳು. “ಎಂತ ನೋಡ್ತಾ ಕೂತದ್ದು ನೀವು? ಮುಳ್ಳಂತೆ ಮುಳ್ಳು! ಅದು ಮುಳ್ಳಾಗಿದ್ರೆ ಇಷ್ಟೊತ್ತಿಗೆ ಕೆಮ್ಮಿ ಕೆಮ್ಮಿ ಸಾಯ್ತಿತ್ತು. ಕರ್ಕೊಂಡು ಹೋಗಿ ಡಾಕ್ಟ್ರ ಹತ್ರ.”

ಸ್ಟೇಷನ್ ಹತ್ತಿರದ ಡಾಕ್ಟರು ಮರಾಠಿ ಹೆಂಗಸು, ಬನ್ಸುವನ್ನು ಮರಿಯಿಂದ ನೋಡಿದವರು. ಯಾವಾಗಲೂ “ಯೇ ಮಾಝ್ಯಾ ಬಾಳಾ”, ಬಾ ನನ್ನ ಕಂದಾ, ಎಂದು ಅಪ್ಪಿಕೊಳ್ಳುವವರು ಅಂದು ಬಾಗಿಲಲ್ಲಿ ಅವನ ಮುಖ ನೋಡಿದ್ದೇ ಒಂದು ಹೆಜ್ಜೆ ಹಿಂದಕ್ಕೆ ಹೋದರು. ಎರಡೂ ಕೈಗೆ ಗ್ಲೌಸ್ ಹಾಕಿಕೊಂಡು ನನ್ನನ್ನು ಕೇಳಿದರು, “ಅಣ್ಣಾ, ಬಾಯಿಯೊಳಗೆ ಕೈ ಹಾಕಿದ್ರಾ?”

“ಹಾಕಿದೆ.”

“ಇನ್ನು ಯಾರು?”

“ಜೊಲ್ಲು ಮೂವರೂ ಒರೆಸಿದ್ದೇವೆ.”

ಅವರು ಲಸಿಕೆಯ ಕಾರ್ಡು ತೆಗೆದು ನೋಡಿದರು. ಹೋದ ವರ್ಷದ್ದು ಖಾಲಿ. ಹೋಟೆಲಿನ ನೆಲ ಕಿತ್ತು ಹೊಸ ಟೈಲ್ಸ್ ಹಾಕಿಸುವ ಗಡಿಬಿಡಿಯಲ್ಲಿ ‘ಮುಂದಿನ ವಾರ, ಮುಂದಿನ ವಾರ’ ಎನ್ನುತ್ತಾ ನಾನೇ ತಪ್ಪಿಸಿದ್ದೆ.

ಹುಚ್ಚು ನಾಯಿ ರೋಗ ಎಂಬ ಮಾತನ್ನು ಅವರು ಒಂದೇ ಸಲ ಹೇಳಿದ್ದು. ದವಡೆ ಹೀಗೆ ಬೀಳುವುದಕ್ಕೆ ಬೇರೆ ಕಾರಣಗಳೂ ಇವೆ, ದವಡೆಯ ನರ ಬಾತುಕೊಂಡಿರಬಹುದು, ಅದಾದರೆ ಎರಡು ಮೂರು ವಾರದಲ್ಲಿ ತಾನಾಗಿ ಸರಿಹೋಗುತ್ತದೆ. ಆದರೆ ಆ ರೋಗವಾಗಿದ್ದರೆ? ಬದುಕಿರುವ ನಾಯಿಯಲ್ಲಿ ಖಚಿತವಾಗಿ ಹೇಳುವ ಪರೀಕ್ಷೆ ಇಲ್ಲ. “ಹತ್ತು ದಿನ ಕಾಯಬೇಕು ಅಣ್ಣಾ. ಅದೇ ಆಗಿದ್ದರೆ ಹತ್ತು ದಿನ ಇವನು ಇರುವುದಿಲ್ಲ. ಇದ್ದರೆ, ಅದಲ್ಲ. ನೀವು ಮೂವರೂ ಇವತ್ತೇ, ಈಗಲೇ, ಮುನ್ಸಿಪಾಲಿಟಿ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಶುರು ಮಾಡಿ.”

ಆ ಆಸ್ಪತ್ರೆಯ ಸಾಲಿನಲ್ಲಿ ನಮ್ಮ ಹಿಂದೆ ಮುಂದೆ ಇದ್ದವರಿಗೆಲ್ಲ ಕಾಲಿನಲ್ಲೋ ಕೈಯಲ್ಲೋ ಕಚ್ಚಿದ ಗಾಯ ಇತ್ತು. “ಎಲ್ಲಿ ಕಚ್ಚಿತು?” ಎಂದು ನರ್ಸ್ ಹಿಂದಿಯಲ್ಲಿ ಕೇಳಿದಳು. ಕಚ್ಚಲಿಲ್ಲ, ನಾನೇ ಅದರ ಬಾಯಿಗೆ ಅನ್ನದ ಉಂಡೆ ತುರುಕಿದೆ ಎಂದೆ. ಅವಳು ಪೆನ್ನು ಕೆಳಗಿಟ್ಟು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನಗು ಬರುವ ಹೊತ್ತಲ್ಲ. ದೀಕ್ಷಾಳ ಹೆಬ್ಬೆರಳಿನಲ್ಲಿ ಕಾಗದ ಕೊಯ್ದ ಒಂದು ಸಣ್ಣ ಗೀರು ಇತ್ತು. ಅದು ಯಾವತ್ತಿನದು, ಜೊಲ್ಲು ಒರೆಸುವ ಮುಂಚೆಯದೋ ಆಮೇಲಿನದೋ ಎಂದು ಅವಳಿಗೆ ನೆನಪಿರಲಿಲ್ಲ. ಆ ಗೀರನ್ನೇ ನೋಡುತ್ತಾ ನಿಂತೆ. ಇಪ್ಪತ್ತೊಂಬತ್ತು ವರ್ಷದ ಮಗಳು. ನನ್ನ ಒಂದು ಮೂರ್ಖತನಕ್ಕೆ.

ಬಿಲ್ಡಿಂಗಿನಲ್ಲಿ ಸುದ್ದಿ ಲಿಫ್ಟಿಗಿಂತ ಬೇಗ ಮೇಲೆ ಬಂದಿತ್ತು. ಸೊಸೈಟಿಯ ಸೆಕ್ರೆಟರಿ ಸಾವಂತ್ ನಮ್ಮ ಬಾಗಿಲಿಗೆ ಬರಲಿಲ್ಲ, ಎರಡು ಮೆಟ್ಟಿಲು ಕೆಳಗೇ ನಿಂತರು. ಒಳ್ಳೆಯ ಮನುಷ್ಯ, ಆದರೆ ಮನೆಯಲ್ಲಿ ಮೂರು ವರ್ಷದ ಮೊಮ್ಮಗಳು. “ಅಣ್ಣಾ, ಖಾಲೀ ಮುಲಂ ಖೇಳತಾತ್,” ಎಂದರು. ಕೆಳಗೆ ಮಕ್ಕಳು ಆಡುತ್ತಾರೆ. ನಾಯಿ ಹಿಡಿಯುವ ಗಾಡಿಯನ್ನು ಕರೆಸಬೇಕು ಎಂದು ಹನ್ನೆರಡು ಮನೆಯವರು ಕೇಳುತ್ತಿದ್ದಾರಂತೆ. ನನಗೆ ಪಿತ್ತ ನೆತ್ತಿಗೇರಿತು. ಏನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಸುಮತಿ ಡಾಕ್ಟರ ಚೀಟಿ ಹಿಡಿದು ಹೊರಗೆ ಬಂದಳು. ಹತ್ತು ದಿನ ಗ್ರಿಲ್ ಹಾಕಿದ ಬಾಲ್ಕನಿಯಿಂದ ಅವನು ಹೊರಗೆ ಬರುವುದಿಲ್ಲ, ಬೀಗದ ಕೈ ತನ್ನ ಹತ್ತಿರ ಇರುತ್ತದೆ ಎಂದು ಮಾತು ಕೊಟ್ಟಳು. ಸಾವಂತ್ ಒಪ್ಪಿದರು. ಮಾರನೆಯ ದಿನದಿಂದ ಬೆಳಗ್ಗೆ ಏಳಕ್ಕೆ ಸರಿಯಾಗಿ ಅವರ ಫೋನು, “ಆಹೇ ಕಾ?” ಇದ್ದಾನಾ ಎಂದು. “ಆಹೇ” ಎಂದು ಹೇಳಿ ಇಡುತ್ತಿದ್ದೆ. ಇಟ್ಟ ಮೇಲೆ ಬಾಲ್ಕನಿಗೆ ಹೋಗಿ ಇನ್ನೊಮ್ಮೆ ನೋಡಿ ಬರುತ್ತಿದ್ದೆ.

ತಿನ್ನಿಸುವುದು ಹೇಗೆ? ಕೈ ಹಾಕುವ ಹಾಗಿಲ್ಲ. ನಾನು ಹೋಟೆಲಿನಿಂದ ಉದ್ದದ ಚಿಮಟ ತಂದೆ. ಇಡ್ಲಿಯನ್ನು ಹಾಲಿನಲ್ಲಿ ಕಲಸಿ ಗೋಲಿಯಷ್ಟು ಉಂಡೆ ಮಾಡಿ, ಗ್ಲೌಸ್ ಹಾಕಿಕೊಂಡು, ಚಿಮಟದಲ್ಲಿ ನಾಲಗೆಯ ಬುಡಕ್ಕೆ ಇಟ್ಟು, ಉದ್ದದ ಸೌಟಿನ ಹಿಡಿಯಿಂದ ಗಲ್ಲವನ್ನು ಮೇಲೆತ್ತಿದರೆ ನುಂಗುತ್ತಿದ್ದ. ಒಂದು ಇಡ್ಲಿಗೆ ಮೊದಮೊದಲು ಮುಕ್ಕಾಲು ಗಂಟೆ, ಕೈ ಪಳಗಿದ ಮೇಲೆ ಹತ್ತು ನಿಮಿಷ. ನೀರು ಸಿರಿಂಜಿನಲ್ಲಿ. ಅವನು ಒಮ್ಮೆಯೂ ಗುರ್ ಎನ್ನಲಿಲ್ಲ. ಮುಟ್ಟದೆ ಯಾಕೆ ತಿನ್ನಿಸುತ್ತಿದ್ದೇನೆ ಎಂದು ಅವನಿಗೆ ತಿಳಿಯಲಿಲ್ಲ, ಅದೇ ನನ್ನನ್ನು ಕೊರೆಯುತ್ತಿತ್ತು. ಆರನೆಯ ದಿನ ಅವನು ಏಳಲೇ ಇಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ದೀಕ್ಷಾ ಗಾಜಿನ ಬಾಗಿಲಿನಾಚೆ ಕೂತು “ಪಪ್ಪಾ, ಹಿ ಈಸ್ ಗೋಯಿಂಗ್” ಎಂದು ಅತ್ತಳು. ಮಧ್ಯಾಹ್ನ ಎದ್ದು ನಿಂತು ಬಾಲ ಅಲ್ಲಾಡಿಸಿದ. ಸೆಕೆಗೆ ಮಲಗಿದ್ದನಂತೆ ಪುಣ್ಯಾತ್ಮ!

ಹತ್ತನೆಯ ದಿನವೂ ಅವನಿದ್ದ. ಹನ್ನೊಂದನೆಯ ದಿನ ಸಾವಂತ್ ಫೋನು ಮಾಡಲಿಲ್ಲ, ಒಂದು ಪ್ಯಾಕೆಟ್ ಹಾಲು ಹಿಡಿದು ಬಾಗಿಲಿಗೇ ಬಂದರು. ಒಳಗೆ ಬಂದು ಬನ್ಸುವಿನ ತಲೆ ಸವರಿದರು. ಸುಮತಿ ಪಾಯಸ ಮಾಡಿದಳು. ಡಾಕ್ಟರು ನಕ್ಕು, ಇನ್ನು ಹತ್ತು ಹದಿನೈದು ದಿನದಲ್ಲಿ ದವಡೆ ಮೇಲೆ ಬರುತ್ತದೆ ಎಂದರು.

ಬರಲಿಲ್ಲ.

ಬದಲಿಗೆ ಅವನ ಹಣೆಯ ಎರಡು ಬದಿಯೂ ಗುಳಿ ಬಿತ್ತು. ಎಡಗಣ್ಣು ಒಳಗೆ ಸರಿಯಿತು. ಆಮೇಲೆ ಒಂದು ದಿನ ಎಡಗಡೆಯ ಮುಂಗಾಲಿನ ಪಂಜ ಮಡಚಿಕೊಂಡು, ಪಂಜದ ಮೇಲ್ಭಾಗವನ್ನು ನೆಲಕ್ಕೆ ಉಜ್ಜುತ್ತಾ ನಡೆದು ಬಂದ. ಡಾಕ್ಟರು ಈ ಸಲ ನಗಲಿಲ್ಲ. ನಗರದ ಆಚೆ ತುದಿಯ ದೊಡ್ಡ ಪ್ರಾಣಿ ಆಸ್ಪತ್ರೆಗೆ ಚೀಟಿ ಬರೆದರು. ತಲೆಯ ಎಮ್ಆರ್‌ಐ ಆಗಬೇಕು, ಬೆನ್ನಿನಿಂದ ನೀರು ತೆಗೆಯಬೇಕು, ಎರಡಕ್ಕೂ ಪ್ರಜ್ಞೆ ತಪ್ಪಿಸಬೇಕು. ಎಂಟು ದಿನಕ್ಕೆ ಸರದಿ ಸಿಕ್ಕಿತು. ಹಿಂದಿನ ರಾತ್ರಿ ಹತ್ತರ ಮೇಲೆ ಹೊಟ್ಟೆಗೆ ಏನೂ ಬೇಡ ಎಂದು ಮೂರು ಸಲ ಹೇಳಿದರು. ದೀಕ್ಷಾ ಫ್ರಿಜ್ ಮೇಲೆ ಕೆಂಪು ಮಾರ್ಕರಿನಲ್ಲಿ ‘ಬನ್ಸು ಖಾಲಿ ಪೇಟ್!!’, ಖಾಲಿ ಹೊಟ್ಟೆ, ಎಂದು ಬರೆದ ಕಾಗದ ಅಂಟಿಸಿದಳು. ಅದು ನನಗೋಸ್ಕರವೇ ಬರೆದದ್ದು, ಆ ಮನೆಯಲ್ಲಿ ಇನ್ಯಾರಿಗೂ ಅದು ಬೇಕಿರಲಿಲ್ಲ.

ಆ ಬೆಳಗ್ಗೆ ಐದೂವರೆಗೆ ನಾನು ದಾರಿಗೆಂದು ನಮಗೆ ಇಡ್ಲಿ ಬೇಯಿಸುತ್ತಿದ್ದೆ. ಮಡಚಿದ ಪಂಜ ಎಳೆಯುತ್ತಾ ಅವನು ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಪಕ್ಕೆಲುಬು ಎಣಿಸಬಹುದಾಗಿತ್ತು. ತೆರೆದ ಬಾಯಿ, ನನ್ನ ಕೈಯ ಮೇಲೆ ಕಣ್ಣು. ಫ್ರಿಜ್ಜಿನ ಕಾಗದ ನನ್ನ ಎದುರಿಗೇ ಇತ್ತು. ಎಮ್ಆರ್‌ಐ ಅಂದರೆ ಫೋಟೋ ತಾನೇ, ಫೋಟೋ ತೆಗೆಸಿಕೊಳ್ಳಲು ಹಸಿದಿರಬೇಕಾ ಎಂದು ನನಗೆ ನಾನೇ ವಾದ ಮಾಡಿದೆ. ಅಷ್ಟು ದೂರ ಹೋಗುವ ಜೀವವನ್ನು ಬರೀ ಹೊಟ್ಟೆಯಲ್ಲಿ ಹೇಗೆ ಹೊರಡಿಸಲಿ? ಒಂದು ಇಡ್ಲಿ ಕೊಟ್ಟೆ. ಅವನು ಇನ್ನೂ ನೋಡುತ್ತಿದ್ದ. ಇನ್ನೊಂದು ಕೊಟ್ಟೆ. ಆಮೇಲೆ ತಟ್ಟೆ ತೊಳೆದು, ಒರೆಸಿ, ಅದರ ಜಾಗದಲ್ಲಿ ಇಟ್ಟು, ನೆಲದ ಮೇಲಿನ ತುಣುಕನ್ನೂ ಎತ್ತಿದೆ. ಕಳ್ಳನಿಗೂ ಇಷ್ಟು ನಾಜೂಕು ಇರಲಿಕ್ಕಿಲ್ಲ.

ನಾಯಿಯನ್ನು ನೋಡಿದರೆ ಟ್ಯಾಕ್ಸಿಯವರು ನಿಲ್ಲಿಸುವುದಿಲ್ಲ. ಹೋಟೆಲಿಗೆ ತೆಂಗಿನಕಾಯಿ, ತರಕಾರಿ ತಂದು ಹಾಕುವ ಮೌಲಾಸಾಬ್ ತನ್ನ ಟೆಂಪೋ ತಂದಿದ್ದ. ವಿಜಯಪುರದ ಕಡೆಯವನು, ಇಪ್ಪತ್ತು ವರ್ಷದಿಂದ ಮುಂಬೈಯಲ್ಲಿದ್ದರೂ ಮಾತು ಮಾತ್ರ ಅಲ್ಲಿಯದೇ. “ಹತ್ರಿ ಅಣ್ಣಾರ. ಮೂಕ ಜೀವ ಐತಿ, ಸಾವಕಾಶ ಹೊಡಿತೀನಿ. ನೀವೇನು ಹೆದರಬ್ಯಾಡ್ರಿ,” ಎಂದ. ದಾರಿಯುದ್ದಕ್ಕೂ ಬನ್ಸು ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ. ಹೊಟ್ಟೆ ತುಂಬಿದ ನೆಮ್ಮದಿ ಅವನದು.

ಆಸ್ಪತ್ರೆಯಲ್ಲಿ ಸಹಾಯಕಿಯೊಬ್ಬಳು ಫಾರ್ಮು ತಂದಳು. “ಖಾಲೀ ಪೇಟ್ ಹೈ ನಾ?” ಎಂದು ಕೇಳಿದಳು. ದೀಕ್ಷಾ ಹೆಮ್ಮೆಯಿಂದ, “ಹಾಂ, ರಾತ್ ಕೋ ದಸ್ ಬಜೇ ಸೇ” ಎಂದಳು. ಕೊನೆಯ ಊಟ ಎಷ್ಟು ಹೊತ್ತಿಗೆ ಎಂಬ ಸಾಲಿನ ಮುಂದೆ ‘ರಾತ್ರಿ ಹತ್ತು’ ಎಂದು ಬರೆದು ನನ್ನ ಕೈಗೆ ಕೊಟ್ಟಳು. ನಾನು ಸಹಿ ಹಾಕಿದೆ. ಅವನನ್ನು ಒಳಗೆ ಕರೆದುಕೊಂಡು ಹೋದರು. ಬಾಗಿಲು ಮುಚ್ಚಿತು, ಮೇಲಿನ ಕೆಂಪು ದೀಪ ಹತ್ತಿತು.

ದೀಕ್ಷಾ ಫಾರ್ಮಿನ ಪ್ರತಿ ಹಿಡಿದು ಓದುತ್ತಿದ್ದಳು. ಸುಮತಿಗೆ ಇಂಗ್ಲಿಷ್ ಬಾರದು. ತನ್ನ ತಡವರಿಸುವ ಕನ್ನಡದಲ್ಲಿ ಮಗಳು ವಿವರಿಸತೊಡಗಿದಳು. “ಅಮ್ಮಾ, ಯಾಕೆ ಖಾಲಿ ಪೇಟ್ ಅಂದ್ರೆ... ಹೊಟ್ಟೆಯಲ್ಲಿ ಖಾನಾ ಇದ್ರೆ ಬೇಹೋಶ್ ಇರುವಾಗ ಅದು ಮೇಲೆ ಬರ್ತದೆ. ಆಮೇಲೆ ಲಂಗ್ಸ್‌ಗೆ ಹೋಗ್ತದೆ. ಹೋದ್ರೆ ಡೈ ಆಗಬಹುದು. ಬನ್ಸುಗೆ ಥ್ರೋಟ್ ವೀಕ್ ಉಂಟಲ್ಲ, ಅವನಿಗೆ ಇನ್ನೂ ಡೇಂಜರ್.”

“ದೇವರೇ,” ಎಂದಳು ಸುಮತಿ. “ಸದ್ಯ ನಾವು ಎಂತದ್ದೂ ಕೊಡ್ಲಿಲ್ಲ.”

ಈಗಲೇ ಹೇಳಬೇಕು. ಹೇಳಿದರೆ ಎಂಟು ದಿನ ಕಾದು ಸಿಕ್ಕ ಸರದಿ ಹೋಗುತ್ತದೆ. ಮಗಳ ಮುಖ ನೋಡುವ ಹಾಗಿಲ್ಲ. ಎರಡೇ ಇಡ್ಲಿ, ಮೆತ್ತಗಿನದು, ಮೂರು ಗಂಟೆಯಾಯಿತು, ಕರಗಿರಬಹುದು. ಕರಗಿರದಿದ್ದರೆ? ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ತಕ್ಷಣ ಏಳಲಿಲ್ಲ. ಗೋಡೆಯ ಗಡಿಯಾರದ ದೊಡ್ಡ ಮುಳ್ಳು ಒಂದು ಮನೆ ಸರಿಯುವುದನ್ನು ನೋಡಿದೆ. ಎರಡನೆಯದೂ ಸರಿಯಿತು. ಆಗ ಒಳಗಿನಿಂದ ಬನ್ಸು ಕುಂಯ್ ಎಂದದ್ದು ಕೇಳಿತು, ಸೂಜಿ ಚುಚ್ಚಿದರೆ ಅವನು ಯಾವಾಗಲೂ ಮಾಡುವ ಸದ್ದು.

ಎದ್ದು ಹೋಗಿ ಎರಡೂ ಕೈಯಲ್ಲಿ ಬಾಗಿಲು ಬಡಿದೆ. “ರುಕೋ! ರುಕೋ! ಉಸನೇ ಇಡ್ಲಿ ಖಾಯಾ ಹೈ! ಮೈನೇ ಖಿಲಾಯಾ!” ನಿಲ್ಲಿಸಿ, ಇಡ್ಲಿ ತಿಂದಿದ್ದಾನೆ, ನಾನೇ ತಿನ್ನಿಸಿದ್ದು ಎಂದು.

ಕಾಯುತ್ತಾ ಕೂತವರೆಲ್ಲ ನನ್ನ ಕಡೆ ತಿರುಗಿದರು. ಬೆಕ್ಕಿನವರು, ಗಿಳಿಯವರು, ಎಲ್ಲರೂ. ಬಾಗಿಲು ತೆರೆದು ನರಗಳ ಡಾಕ್ಟರು ಹೊರಗೆ ಬಂದರು, ದೀಕ್ಷಾಳಿಗಿಂತ ನಾಲ್ಕಾರು ವರ್ಷ ದೊಡ್ಡವರಿರಬಹುದು. ಕೈಯಲ್ಲಿ ಬಿಳಿ ಮದ್ದು ತುಂಬಿದ ಸಿರಿಂಜು ಹಾಗೇ ಇತ್ತು.

“ಎಷ್ಟು ತಿಂದ?” ಎಂದು ಹಿಂದಿಯಲ್ಲಿ ಕೇಳಿದರು.

“ಎರಡು.”

“ಎಷ್ಟು ಹೊತ್ತಿಗೆ?”

“ಐದೂವರೆ.”

ಅವರು ಸಿರಿಂಜನ್ನು ಸಹಾಯಕಿಯ ತಟ್ಟೆಯಲ್ಲಿಟ್ಟರು. ಬೈಯುತ್ತಾರೆ ಎಂದು ಕಾದೆ. “ಅಚ್ಛಾ ಕಿಯಾ ಅಂಕಲ್, ಬತಾ ದಿಯಾ,” ಎಂದರು. ಹೇಳಿದ್ದು ಒಳ್ಳೆಯದಾಯಿತು ಎಂದು. “ನಾಡಿದ್ದು ಬನ್ನಿ. ಖಾಲಿ ಹೊಟ್ಟೆಯಲ್ಲಿ.”

ವಾಪಸು ಬರುವಾಗ ದೀಕ್ಷಾ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದಳು, ಕಣ್ಣೀರು ತಾನಾಗಿ ಇಳಿಯುತ್ತಿತ್ತು. ಸುಮತಿ ಒಂದೇ ಮಾತು ಹೇಳಿದಳು. “ಇಷ್ಟು ವರ್ಷ ಊರಿಗೆಲ್ಲ ಬಡಿಸಿದ್ರಿ. ಒಂದು ದಿನ ಬಡಿಸದೆ ಇರ್ಲಿಕ್ಕೆ ಆಗ್ಲಿಲ್ಲ ಅಲ್ವಾ ನಿಮಗೆ?” ಸಿಗ್ನಲ್ಲಿನಲ್ಲಿ ನಿಂತಾಗ ಮೌಲಾಸಾಬ್ ಹಿಂದೆ ತಿರುಗಿದ. “ಅಲ್ರೀ ಅಣ್ಣಾರ, ನಸುಕಿನ್ಯಾಗ ಗಾಡಿ ತಂದಾಂವ ನಾನು. ನನಗ ಒಂದ್ ಇಡ್ಲಿ ತಿನ್ನಂತ ಅನ್ಲಿಲ್ಲ. ನಾಯಿಗಿ ಎರಡು ಕೊಟ್ರೇನು?” ಸುಮತಿಗೆ ನಗು ಬಂತು, ನಗುತ್ತಲೇ ಅತ್ತಳು. ಅದುವರೆಗೆ ಮಡಿಲಲ್ಲೇ ಇದ್ದ ನಮ್ಮ ಇಡ್ಲಿ ಡಬ್ಬಿಯನ್ನು ಅವನಿಗೇ ಕೊಟ್ಟೆ.

ಎರಡನೆಯ ಸಲ ಹಿಂದಿನ ಸಂಜೆಯೇ ಸುಮತಿ ಅಡುಗೆಮನೆಗೆ ಬೀಗ ಹಾಕಿ ಕೀಲಿಯನ್ನು ಕರಿಮಣಿಗೆ ಸಿಕ್ಕಿಸಿಕೊಂಡಳು. ಅವನು ಹಸಿದಿರುವಾಗ ನಮಗೆ ಯಾಕೆ ಎಂದು ಮೂವರೂ ಚಹಾ ಕೂಡ ಕುಡಿಯದೆ ಹೊರಟೆವು. “ಖಾಲೀ ಪೇಟ್?” ಎಂದು ಸಹಾಯಕಿ ಕೇಳಿದಾಗ ಅವಳೂ, ಹೆಂಡತಿಯೂ, ಮಗಳೂ ಒಟ್ಟಿಗೆ ನನ್ನ ಮುಖ ನೋಡಿದರು. “ಎಲ್ಲರದ್ದೂ ಖಾಲಿಯೇ,” ಎಂದೆ.

ಅಂದು ಸಂಜೆ ಎಮ್ಆರ್‌ಐ ಚಿತ್ರ ತೋರಿಸಿದರು, ನೀರಿನ ಫಲಿತಾಂಶ ಎರಡು ದಿನ ಬಿಟ್ಟು ಬಂತು. ಲಿಂಫೋಮಾ. ರಕ್ತದ ಬಿಳಿ ಕಣಗಳ ಕ್ಯಾನ್ಸರು, ಅದು ನರದೊಳಗೇ ಹೊಕ್ಕು ಕೂತಿದೆ. ದವಡೆಯ ನರ ಎರಡೂ ಬದಿ ದಪ್ಪವಾಗಿದೆ, ಕಾಲಿನ ನರವೂ ಹಾಗೇ. ಅಪರೂಪದ್ದು ಎಂದರು. ಅಪರೂಪದ್ದಾದರೆ ನಮ್ಮ ಮನೆಗೇ ಯಾಕೆ ಬರಬೇಕಿತ್ತು ಎಂದು ನನಗೆ ಯಾರ ಮೇಲೆ ಎಂದು ತಿಳಿಯದ ಸಿಟ್ಟು ಬಂತು. ಸುಮತಿ ಕೇಳಿದ್ದು, “ನೋವುಂಟಾ ಅವನಿಗೆ?” ದೀಕ್ಷಾ ಕೇಳಿದ್ದು, ಎಷ್ಟು ದಿನ? ಮದ್ದು ಕೊಡದಿದ್ದರೆ ವಾರಗಳು, ಕೊಟ್ಟು ಅದು ಹಿಡಿದರೆ ಕೆಲವು ತಿಂಗಳು, ಗುಣ ಎಂಬ ಮಾತನ್ನು ನಾನು ಹೇಳುವುದಿಲ್ಲ ಎಂದರು ಡಾಕ್ಟರು.

ಕೀಮೋ ಬೇಡ ಎಂದೆ ನಾನು. ನನ್ನ ಅಣ್ಣ ಅದರಲ್ಲಿ ನವೆದದ್ದನ್ನು ಕಣ್ಣಾರೆ ನೋಡಿದ್ದೆ. ನಾಯಿಗೆ ಕೊಡುವುದು ಕಡಿಮೆ ಪ್ರಮಾಣ, ಇರುವಷ್ಟು ದಿನ ಸುಖವಾಗಿರಲಿ ಎಂದು ಮಾತ್ರ, ಅವನು ನರಳಿದರೆ ಆ ದಿನವೇ ನಿಲ್ಲಿಸುತ್ತೇನೆ ಎಂದು ಡಾಕ್ಟರು ಮಾತು ಕೊಟ್ಟರು. ಮೂವರೂ ಒಪ್ಪಿದೆವು.

ಮೊದಲ ಸಲ ವಾಂತಿ ಮಾಡಿದ, ಎರಡು ದಿನ ಮೂಲೆ ಬಿಟ್ಟು ಬರಲಿಲ್ಲ. ಅವನ ಮೂತ್ರದಲ್ಲೂ ಮದ್ದು ಇರುತ್ತದೆ ಎಂದು ಮತ್ತೆ ಗ್ಲೌಸು, ಮತ್ತೆ ಚಿಮಟ. ತಪ್ಪು ಮಾಡಿದೆವು ಎಂದು ಸುಮತಿ ದೇವರ ಮುಂದೆ ಕೂತು ಗೊಣಗಿದಳು. ಹದಿಮೂರನೆಯ ದಿನ ನಾನು ಹೊರಗಿನ ಕೋಣೆಯಲ್ಲಿ ಪೇಪರು ಓದುತ್ತಿದ್ದೆ. ಬಾಲ್ಕನಿಯಿಂದ ಲಪ್ ಲಪ್ ಎಂದು ಸದ್ದು. ಏಳೆಂಟು ವಾರದಿಂದ ಕೇಳದಿದ್ದ ಸದ್ದು, ಏನೆಂದು ನನಗೆ ತಕ್ಷಣ ಹೊಳೆಯಲಿಲ್ಲ. ಹೋಗಿ ನೋಡಿದರೆ ಬನ್ಸು ಬಕೆಟ್ಟಿಗೆ ಮುಖವಿಟ್ಟು ತಾನೇ ನೀರು ಕುಡಿಯುತ್ತಿದ್ದಾನೆ. ಕುಡಿದು ತಲೆಯೆತ್ತಿದ. ಬಾಯಿ ಮುಚ್ಚಿತು! ಪೂರ್ತಿ ಅಲ್ಲ, ಒಂದು ಬೆರಳು ಸಂದು ಉಳಿದಿತ್ತು. ನಾನು ಓಡಿ ಹೋಗಿ ಮೊದಲು ಫೋನು ಮಾಡಿದ್ದು ಸಾವಂತರಿಗೆ. “ಬಂದ್ ಝಾಲಂ! ತೋಂಡ್ ಬಂದ್ ಝಾಲಂ!” ಬಾಯಿ ಮುಚ್ಚಿದ ಎಂದು. ಆ ಮನುಷ್ಯ ಬನಿಯನ್ನಿನಲ್ಲೇ ಮೇಲೆ ಹತ್ತಿ ಬಂದರು.

ಆರು ತಿಂಗಳು ಸಿಕ್ಕಿತು. ಚಿಕಿತ್ಸೆಯ ದಿನ ಮೌಲಾಸಾಬನ ಟೆಂಪೋ, ಆಸ್ಪತ್ರೆಯ ಅದೇ ಬೆಂಚು. ಕೈಕಾಲು ಮಡಚಿ ಕೂತ ಹೊಸಬರು ಯಾರಾದರೂ ಇದ್ದರೆ ಅವರ ಪಕ್ಕ ಹೋಗಿ ಕೂರುತ್ತಿದ್ದೆ. ನನಗೆ ಗೊತ್ತಿದ್ದದ್ದು ಸ್ವಲ್ಪ, ಅದನ್ನೇ ಇಲ್ಲಿಯೂ ಹೇಳುತ್ತೇನೆ. ನಿಮ್ಮ ನಾಯಿಯ ದವಡೆ ಹೀಗೆ ಜೋತುಬಿದ್ದರೆ ಬರಿಗೈ ಹಾಕಬೇಡಿ, ನನ್ನ ಹಾಗೆ ಮುಳ್ಳು ಹುಡುಕಬೇಡಿ, ಅವತ್ತೇ ಡಾಕ್ಟರ ಹತ್ತಿರ ಹೋಗಿ. ಅವರು ಕೇಳಿದ್ದಕ್ಕೆ ನಿಜ ಹೇಳಿ. ಮಾನ ಹೋದರೆ ಹೋಗಲಿ, ನನ್ನದು ಇಡೀ ಆಸ್ಪತ್ರೆಯ ಎದುರು ಹೋಯಿತು, ನಾನು ಸತ್ತಿಲ್ಲ. ಮತ್ತೆ, ಕಾಯಿಲೆಯೇ ಗೆದ್ದುಬಿಟ್ಟರೂ ನಿಮ್ಮ ಪ್ರೀತಿ ಕಡಿಮೆಯಾಗಿತ್ತು ಎಂದಲ್ಲ. ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ಆ ಆರು ತಿಂಗಳಲ್ಲಿ ಅವನು ಎಸೆದ ನಾಲ್ಕು ತುಂಡಿನಲ್ಲಿ ಎರಡನ್ನಾದರೂ ಹಿಡಿಯುತ್ತಿದ್ದ. ಉಳಿದೆರಡು ನೆಲದಿಂದ ಎತ್ತಿಕೊಳ್ಳುತ್ತಿದ್ದ. ಆಮೇಲೆ ಒಂದು ಬೆಳಗ್ಗೆ ಒಂದನ್ನೂ ಹಿಡಿಯಲಿಲ್ಲ. ನೆಲದ್ದನ್ನೂ ಎತ್ತಲಿಲ್ಲ. ವಾರದೊಳಗೆ ಹಿಂಗಾಲು ಎರಡೂ ಸೋತವು, ರಾತ್ರಿ ನರಳತೊಡಗಿದ. ಡಾಕ್ಟರು ಮದ್ದು ಬದಲಿಸಿ ನೋಡಿದರು. ಆಮೇಲೆ ಅವರೇ ಫೋನು ಮಾಡಿ, ಕೊಟ್ಟ ಮಾತನ್ನು ನೆನಪಿಸಿದರು. ನರಳಿದರೆ ನಿಲ್ಲಿಸುತ್ತೇನೆ ಎಂದಿದ್ದೆನಲ್ಲ ಅಂಕಲ್, ಇನ್ನು ಒಂದು ಸೂಜಿ ಕೊಟ್ಟು ನೋವಿಲ್ಲದೆ ಕಳಿಸಿಕೊಡೋಣ ಎಂದು. ದೀಕ್ಷಾ ಮೊದಲು ಒಲ್ಲೆ ಎಂದಳು. ಅವನ ಪಕ್ಕ ನೆಲದ ಮೇಲೆ ಒಂದು ದಿನವಿಡೀ ಮಲಗಿದ್ದು, ಸಂಜೆ ತಾನೇ ಎದ್ದು ಬಂದು “ಪಪ್ಪಾ, ಬಸ್. ಸಾಕು ಅವನಿಗೆ,” ಎಂದಳು.

ಡಾಕ್ಟರಿಗೆ ಫೋನು ಮಾಡಿ ದಿನ ಗೊತ್ತು ಮಾಡಿದೆ. ಇಡುವ ಮುಂಚೆ ಅಭ್ಯಾಸಬಲದಿಂದ ಕೇಳಿದೆ, “ಎಷ್ಟು ಗಂಟೆಯಿಂದ ಖಾಲಿ ಹೊಟ್ಟೆಯಲ್ಲಿ ಇಡಬೇಕು?”

“ನಹೀಂ ಅಂಕಲ್. ಈ ಸಲ ಬೇಡ. ಅವನಿಗೆ ಏನಿಷ್ಟವೋ ಹೊಟ್ಟೆ ತುಂಬ ತಿನ್ನಿಸಿ ಕರೆದುಕೊಂಡು ಬನ್ನಿ.”

ಆ ಬೆಳಗ್ಗೆ ಸುಮತಿ ಅಡುಗೆಮನೆಯ ದೀಪ ತಾನೇ ಹಾಕಿಕೊಟ್ಟಳು. ಹಿಟ್ಟು ನಾನೇ ರುಬ್ಬಿದ್ದು. ಇಡ್ಲಿ ಬೇಯಿಸಿ, ತುಪ್ಪ ಸವರಿ, ಸಣ್ಣ ಸಣ್ಣ ಉಂಡೆ ಮಾಡಿದೆ. ಈ ಸಲ ಗ್ಲೌಸೂ ಇಲ್ಲ, ಚಿಮಟವೂ ಇಲ್ಲ. ಮದ್ದು ನಿಲ್ಲಿಸಿ ದಿನಗಳಾಗಿದ್ದವು, ಗ್ಲೌಸ್ ಹಾಕದಿದ್ದರೂ ನಡೆಯುತ್ತದೆ ಎಂದು ಡಾಕ್ಟರು ಹೇಳಿದ್ದರು. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬರಿಗೈಯಲ್ಲಿ ಒಂದೊಂದೇ ಉಂಡೆಯನ್ನು ನಾಲಗೆಯ ಬುಡಕ್ಕೆ ಇಟ್ಟು, ಗಲ್ಲ ಎತ್ತಿ ಹಿಡಿದೆ. ನುಂಗಿದ. ಅವಸರವೇನೂ ಇರಲಿಲ್ಲ. ದೀಕ್ಷಾ ಅವನ ಬೆನ್ನು ಸವರುತ್ತಾ ಕೂತಿದ್ದಳು. ಮೌಲಾಸಾಬ್ ಬಂದು ಬಾಗಿಲಲ್ಲೇ ನಿಂತ, ಹಾರ್ನ್ ಹೊಡೆಯಲಿಲ್ಲ. ಸಾವಂತ್ ಗೇಟಿನವರೆಗೆ ಬಂದರು.

ಆಸ್ಪತ್ರೆಯಲ್ಲಿ ಅದೇ ಸಹಾಯಕಿ ಒಪ್ಪಿಗೆಯ ಫಾರ್ಮು ತಂದಳು. ಅದರಲ್ಲೂ ಕೊನೆಯ ಊಟ ಎಷ್ಟು ಹೊತ್ತಿಗೆ ಎಂಬ ಸಾಲು ಇತ್ತು. “ಅಂಕಲ್, ಅದನ್ನು ಬಿಟ್ಟುಬಿಡಿ, ಇವತ್ತು ಬೇಕಾಗಿಲ್ಲ,” ಎಂದಳು ಮೆಲ್ಲಗೆ.

ನಾನು ಬಿಡಲಿಲ್ಲ. ಪೆನ್ನು ತೆಗೆದುಕೊಂಡು, ಹಲಗೆಯ ಮೇಲೆ ಬರೆಯುವ ನನ್ನ ದಪ್ಪ ಅಕ್ಷರದಲ್ಲಿ, ಕನ್ನಡದಲ್ಲೇ ಬರೆದೆ. ಬೆಳಗ್ಗೆ ಆರು ಗಂಟೆಗೆ, ಮೂರು ಇಡ್ಲಿ, ತುಪ್ಪ ಹಾಕಿ. ಕೆಳಗೆ ಸಹಿ ಮಾಡಿದೆ.